ಸದ್ದು ಮಾಡುವ ಟೈರು

ಹೊಸ ಟೈರಿಗೆ ಕೂದಲಿರುತ್ತದೆ. ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಈಚಿನವರೆಗೆ ಗಮನಿಸಿರಲಿಲ್ಲ. ಮೊನ್ನೆ ಒಗೆಯಲು ಹಾಕುವ ಮುಂಚೆ ಕುರ್ತಾದ ಜೇಬು ತಡಕಿದರೆ ಅಂಥದೊಂದು ಕೂದಲು ಕೈಗೆ ಸಿಕ್ಕಿತು. ಕಪ್ಪಗೆ, ಉಗುರಿನಷ್ಟು ಉದ್ದ, ಎಳೆದರೆ ಒಂದಿಷ್ಟು ಹಿಗ್ಗಿ ಮತ್ತೆ ತನ್ನ ಪಾಡಿಗೆ ಮುದುಡುವ ರಬ್ಬರಿನ ಎಳೆ. ಟೈರನ್ನು ಅಚ್ಚಿನಲ್ಲಿ ಒತ್ತುವಾಗ ಗಾಳಿ ಹೊರಗೆ ಹೋಗಲೆಂದು ಸಣ್ಣ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರಂತೆ. ಅವುಗಳೊಳಗೆ ರಬ್ಬರು ನುಗ್ಗಿ ಹೀಗೆ ಕೂದಲಾಗುತ್ತದೆ. ಎಳೆಗರುವಿನ ಮೂತಿಯಲ್ಲೂ ಇಂಥವೇ ನಾಲ್ಕಾರು ಬಿರುಸು ಕೂದಲಿರುತ್ತವೆ, ಕೈಯಲ್ಲಿ ಹಾಲು ನೆಕ್ಕುವಾಗ ಚುಚ್ಚುತ್ತವೆ. ಹಸು ಸಾಕಿದ ಮನೆಯವರಿಗೆ ಏನನ್ನು ನೋಡಿದರೂ ಕರುವೇ ನೆನಪಾಗುತ್ತದೆ. ಅದನ್ನು ನೀವು ಸಹಿಸಿಕೊಳ್ಳಬೇಕು.

ಸಹಿಸಿಕೊಳ್ಳಬೇಕಾದದ್ದು ಇನ್ನೂ ಒಂದಿದೆ. ನಾನು ದಿನಚರಿ ಬರೆಯುವವಳು. ಮನಸ್ಸಿನ ಆಳ ಅಗಲ ತೋಡಿಕೊಳ್ಳುವಂಥ ದಿನಚರಿಯಲ್ಲ; ಬೆಳಿಗ್ಗೆ ಹಾಲು ಎಷ್ಟು ಲೀಟರು, ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಮಳೆ ಬಂತೋ ಮೋಡ ಕಟ್ಟಿ ಮೋಸ ಮಾಡಿತೋ, ಮಾರಿಕುಪ್ಪಂ ರೈಲು ಎಷ್ಟು ತಡ, ಇಂಥವು. ಕೆಜಿಎಫ್‌ನ ಒಂದು ಶಾಲೆಯ ಲ್ಯಾಬಿನಲ್ಲಿ ನನ್ನ ಕೆಲಸವೂ ಗಾಜಿನ ಕೊಳವೆ ಎಣಿಸಿಡುವುದೇ. ನನ್ನ ಗೆಳತಿಯೊಬ್ಬಳು, "ನೀನು ಸತ್ತ ದಿನವೂ ಎದ್ದು ಬಂದು, ಟೈಮು ಬರೆದು, ಆಮೇಲೆ ಮಲಕ್ಕೊಂತೀಯ ಕಣೇ" ಎಂದು ಆಡಿಕೊಳ್ಳುತ್ತಾಳೆ. ನನಗೆ ಆ ಮಾತು ಬೈಗುಳದಂತೆ ಕೇಳಿಸಲೇ ಇಲ್ಲ.

ಕಾರು ಅಮ್ಮನದು. ಕಂಪನಿಯ ಪುಸ್ತಕದಲ್ಲಿ ಅದರ ಬಣ್ಣಕ್ಕೆ ಬೆಳ್ಳಿಯ ಹೆಸರಿದೆ, ನಮ್ಮೂರಿನವರ ಬಾಯಲ್ಲಿ ಇಲಿಬಣ್ಣ. ಬಂಗಾರಪೇಟೆಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಕಾರು ಓಡಿಸುವ ಹೆಂಗಸು ಅಮ್ಮ ಒಬ್ಬಳೇ. ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಡ್ರೈವಿಂಗ್ ಸ್ಕೂಲಿನವನು ನಮ್ಮಿಬ್ಬರನ್ನು ನೋಡಿ, "ಮಗಳನ್ನ ಸೇರ್ಸಕ್ಕೆ ಬಂದ್ರಾ ಅಮ್ಮಾ?" ಎಂದು ಕೇಳಿದ. ಅಮ್ಮ, "ಊಂ, ಅವಳನ್ನೂ ಸೇರಿಸ್ಕೊ, ನನ್ನನ್ನೂ ಸೇರಿಸ್ಕೊ" ಅಂದಳು. ಇಬ್ಬರೂ ಸೇರಿದೆವು. ಒಬ್ಬರಿಗೆ ಲೈಸೆನ್ಸ್ ಬಂತು.

ಬರದೆ ಉಳಿದವಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಂಟರ ಆಕಾರದ ಟ್ರ್ಯಾಕಿನಲ್ಲಿ ಸುತ್ತುವಾಗ ನಾನು ಪಕ್ಕದ ಕಂಬಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಕೊನೆಯ ಕಂಬವನ್ನು ಎಣಿಸಿಯೂ ಆಯಿತು, ಕೆಡವಿಯೂ ಆಯಿತು. ಆಮೇಲೆ ಕಲಿಕೆಯ ಲೈಸೆನ್ಸು ಎರಡು ಸಲ ಅವಧಿ ಮೀರಿತು. ಅಪ್ಪ ಟಿವಿಎಸ್ ಓಡಿಸುತ್ತಾನೆ, ಟ್ರ್ಯಾಕ್ಟರ್ ಓಡಿಸುತ್ತಾನೆ, ಕಾರಿನಲ್ಲಿ ಕೂತರೆ ಮಾತ್ರ ಕ್ಲಚ್ಚು ಮರೆತು ಎತ್ತಿಗೆ ಹೇಳುವಂತೆ "ಓ... ಓ..." ಅನ್ನುತ್ತಾನೆ. ಹೀಗಾಗಿ ಮನೆಯಲ್ಲಿ ಡ್ರೈವರ್ ಅಂದರೆ ಅಮ್ಮನೇ. ಶನಿವಾರ ಶನಿವಾರ ಮಧ್ಯಾಹ್ನ ಹಸುಗಳಿಗೆ ಮೇವು ಹಾಕಿ, ಮೊಸರಿನ ಡಬ್ಬಿ, ಒಂದು ಕಟ್ಟು ನುಗ್ಗೆಸೊಪ್ಪು ಇಟ್ಟುಕೊಂಡು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ದೊಡ್ಡಮ್ಮನ ಮನೆಗೆ ಹೋಗಿ, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸು ಬರುತ್ತಿದ್ದಳು. ದೊಡ್ಡಮ್ಮನಿಗೆ ಮಂಡಿನೋವು, ಮನೆಯ ಮೆಟ್ಟಿಲು ಇಳಿಯಲಾರಳು. ಬಸ್ಸಿನಲ್ಲಿ ಹೋದರೆ ಅಮ್ಮ ಹಾಲಿನ ಹೊತ್ತಿಗೆ ಮರಳಲಾರಳು. ಅಕ್ಕತಂಗಿಯರ ನಡುವೆ ಇದ್ದದ್ದು ಆ ಇಲಿಬಣ್ಣದ ಕಾರು ಮಾತ್ರ.

ಅದು ನಿಂತದ್ದು ಕಳೆದ ಸುಗ್ಗಿಯಲ್ಲಿ.

ನಮ್ಮ ಕಡೆ ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ಹಿಂದೆ ನೆಲ ಕೆರೆದು, ಸಗಣಿ ಸಾರಿಸಿ, ಪೂಜೆ ಮಾಡಿ ಕಣ ಮಾಡುತ್ತಿದ್ದರಂತೆ. ಈಗ ಸರ್ಕಾರವೇ ಕರ್ರಗೆ ಸಾರಿಸಿ ಕೊಟ್ಟಿದೆ. ರಾಗಿ, ತೊಗರಿ, ಹುರುಳಿ ಎಲ್ಲವನ್ನೂ ರಸ್ತೆಗೆ ಅಡ್ಡಲಾಗಿ ಹಾಸಿ, ಪಕ್ಕದ ಹೊಂಗೆ ಮರದಡಿ ಕೂತುಬಿಟ್ಟರೆ ಆಯಿತು, ತುಳಿಯುವ ಕೆಲಸ ದಾರಿಹೋಕರದು. ಬೈಕಿನವನು ಹೋದರೆ ಪರವಾಗಿಲ್ಲ, ಬಸ್ಸು ಹೋದರೆ ಸಂತೋಷ, ಇಟ್ಟಿಗೆ ಲಾರಿ ಹೋದರೆ ಹಬ್ಬ. ಹುಲ್ಲು ತಪ್ಪಿಸಿ ಅಂಚಿನಲ್ಲಿ ನಾಜೂಕಾಗಿ ಹೋಗುವ ಕಾರಿನವರಿಗೆ ಮಾತ್ರ ಬೈಗುಳ: "ಏನ್ಲಾ, ನಮ್ ಉಳ್ಳಿ ತುಳುದ್ರೆ ನಿನ್ ಕಾಲ್ ಸವ್ದೋಗ್ತದಾ?" ಹುರುಳಿ ನಮ್ಮ ಬಾಯಲ್ಲಿ ಉಳ್ಳಿ.

ಆ ವರ್ಷ ಅಪ್ಪ ಕೊಯ್ದದ್ದು ತಡವಾಯಿತು. ಅಷ್ಟರಲ್ಲಿ ರಸ್ತೆಯ ನೆಟ್ಟನೆಯ ಭಾಗವನ್ನೆಲ್ಲ ಬೇರೆ ಮನೆಯವರು ಹಿಡಿದಿದ್ದರು. ಅಪ್ಪನಿಗೆ ಸಿಕ್ಕಿದ್ದು ಊರ ಮುಂದಿನ ತಿರುವು. ಡಿಸೆಂಬರಿನ ಒಂದು ಶನಿವಾರ ಸಂಜೆ ಅಮ್ಮ ಆಂಡರ್ಸನ್‌ಪೇಟೆಯಿಂದ ಬರುತ್ತಾ ಆ ತಿರುವು ತಿರುಗಿದಳು. ನಮ್ಮದೇ ಹುರುಳಿ, ಮಂಡಿಯೆತ್ತರ. ಬ್ರೇಕು ಒತ್ತಿದಳು. ಕಾರು ನಿಲ್ಲಲಿಲ್ಲ. ಹುಲ್ಲಿನ ಮೇಲೆ ಮೆಲ್ಲಗೆ ಅಡ್ಡ ತಿರುಗಿ, ಕವೆಗೋಲು ಹಿಡಿದು ನಿಂತಿದ್ದ ಅಪ್ಪನ ಕಡೆಗೇ ಜಾರಿತು. ಅಪ್ಪ ಚರಂಡಿಗೆ ಹಾರಿದ. ಅವನು ನಿಂತಿದ್ದ ಜಾಗವನ್ನು ದಾಟಿ, ಹೊಲದ ಬದುವಿಗೆ ಮೂತಿ ಒರಗಿಸಿ ಕಾರು ನಿಂತಿತು.

ಆ ದಿನದ ನನ್ನ ದಿನಚರಿ ಹೀಗಿದೆ: "ಕಾರು ಜಾರಿತು. ಯಾರಿಗೂ ಏನೂ ಆಗಲಿಲ್ಲ. ಮೊಟ್ಟೆ ನಾಲ್ಕು."

ಅಪ್ಪ ಚರಂಡಿಯಿಂದ ಎದ್ದು, ಪಂಚೆ ಕೊಡವಿಕೊಂಡು, "ಒಳ್ಳೇದೇ ಆಯ್ತು ಬಿಡಮ್ಮಿ, ಒಂದೇ ಏಟ್ಗೆ ಉಳ್ಳಿಯೆಲ್ಲ ಉದುರೋಯ್ತು" ಎಂದು ನಗಿಸಲು ನೋಡಿದ. ಅಮ್ಮ ನಗಲಿಲ್ಲ. ಬೀಗದ ಕೈಯನ್ನು ತಂದು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದಳು. ಆಮೇಲೆ ಮುಟ್ಟಲಿಲ್ಲ.

"ಟೈರ್ ಸವ್ದೋಗಿತ್ತು, ಅದ್ಕೇ ಜಾರ್ತು" ಎಂದು ಅಪ್ಪ ಹೇಳುತ್ತಲೇ ಇದ್ದ. "ಟೈರಲ್ಲ, ನಾನು" ಎಂದು ಅಮ್ಮ. ಹುರುಳಿಯ ಹೆಸರನ್ನು ಆ ಸಂಜೆಯ ನಂತರ ಇಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲವೆನ್ನಿ. ರಸ್ತೆಯ ಮೇಲೆ ಒಕ್ಕುವುದು ತಪ್ಪು ಎಂದರೆ ಇಡೀ ಊರನ್ನು ಬೈದಂತೆ. ಬಡಪಾಯಿ ಟೈರನ್ನು ಬೈದರೆ ಕೇಳುವವರಿಲ್ಲ.

ಟೈರು ಸವೆದದ್ದೂ ನಿಜವೇ. ಮಳೆಗಾಲ ಕಳೆದರೂ ಕಾರು ಹುಣಸೆ ಮರದಡಿಯೇ ಇತ್ತು. ಅದರಡಿ ಕೋಳಿಯೊಂದು ಮನೆ ಮಾಡಿಕೊಂಡು ಮೊಟ್ಟೆ ಇಡತೊಡಗಿತು. ಆ ಮೊಟ್ಟೆಗಳೂ ನನ್ನ ಲೆಕ್ಕಕ್ಕೆ ಬಂದವು. ಭಾನುವಾರಕ್ಕೊಮ್ಮೆ ನಾನು ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಗುರ್ರೆನಿಸಿ, ಆಫ್ ಮಾಡುತ್ತಿದ್ದೆ. ಅಷ್ಟು ಡ್ರೈವಿಂಗ್ ನನಗೂ ಬರುತ್ತದೆ. ದೊಡ್ಡಮ್ಮ ಫೋನು ಮಾಡಿ, "ಏನೇ, ನಿಮ್ಮನೆ ಮೊಸರಿಗೆ ನನ್ ಮೇಲೆ ಕೋಪನಾ?" ಎಂದು ಕೇಳುತ್ತಿದ್ದಳು. "ಬತ್ತೀನಕ್ಕ, ಬತ್ತೀನಿ" ಎನ್ನುತ್ತಾ ಅಮ್ಮ ಫೋನು ಇಟ್ಟು ಸುಮ್ಮನೆ ಹಸುವಿನ ಹತ್ತಿರ ಹೋಗುತ್ತಿದ್ದಳು.

ಅಷ್ಟರಲ್ಲಿ ಮುನಿರಾಜಣ್ಣ ಬಂದ. ನಮ್ಮೂರಿನವನೇ, ಟೊಮೊಟೊ ಸಸಿಗಳ ನರ್ಸರಿ ಇಟ್ಟಿದ್ದಾನೆ, ಅಪ್ಪನಿಗೆ ದೂರದ ನೆಂಟ. ಹುಣಸೆ ಮರದ ಕಡೆ ನೋಡುತ್ತಾ, "ಅಕ್ಕಾ, ನಿಂತ ಕಾರೂ ಒಂದೇ, ಕೂತ ಎತ್ತೂ ಒಂದೇ. ನಂಗ್ ಕೊಟ್ಬಿಡು" ಅಂದ.

ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ, "ಕೊಟ್ಬಿಡನ" ಅಂದಳು.

ಅಪ್ಪ ಬೆಚ್ಚಿದ. ಅವನಿಗೆ ಬೇಗ ಮಾತು ಹೊಳೆಯುವುದಿಲ್ಲ. ಅವತ್ತು ಹೇಗೋ ಹೊಳೆಯಿತು. "ಈ ಟೈರಲ್ಲಿ ಕೊಟ್ರೆ ಇವ್ನೂ ಎಲ್ಲಾದ್ರೂ ಜಾರ್ತಾನೆ. ಪಾಪ ನಮ್ಗೆ ಸುತ್ಕೊಂತದೆ. ಒಸಾ ಟೈರ್ ಆಕ್ಸಿ ಆಮ್ಯಾಕೆ ನೋಡನ."

ಟೈರು ಹಾಕಿಸಿಕೊಡುತ್ತಾರೆಂದರೆ ಬೇಡವೆನ್ನುವವನು ಮುನಿರಾಜಣ್ಣನಲ್ಲ. "ಸರೇ, ಅಂಗೇ ಮಾಡಣ್ಣ" ಎಂದು ಕಾಫಿ ಕುಡಿದು ಹೋದ.

ಟೈರು ಆರಿಸುವ ಕೆಲಸ ನನಗೆ ಬಿತ್ತು. ಇಂಥ ಕೆಲಸಕ್ಕಾಗಿಯೇ ನಾನು ಹುಟ್ಟಿದ್ದೆನೆಂದು ಮನೆಯವರೆಲ್ಲ ನಂಬಿದ್ದಾರೆ. ಬೆಲೆ, ಹಿಡಿತ, ಬಾಳಿಕೆ ಎಂದು ಮೂರು ಕಾಲಂ ಎಳೆದು ಕೂತೆ. ಕೂತಷ್ಟೂ ಒಂದು ವಿಷಯ ಗಟ್ಟಿಯಾಯಿತು: ಈ ಮೂರೂ ಒಂದೇ ಟೈರಿನಲ್ಲಿ ಒಟ್ಟಿಗೆ ಬಾಳುವುದಿಲ್ಲ. ಮೆತ್ತನೆಯ ರಬ್ಬರು ರಸ್ತೆಯನ್ನು ಚೆನ್ನಾಗಿ ಕಚ್ಚುತ್ತದೆ, ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಸವೆಯುವುದಿಲ್ಲ, ಕಚ್ಚುವುದೂ ಇಲ್ಲ.

ಇದು ನನಗೆ ಮೂರನೆಯ ಕ್ಲಾಸಿನಲ್ಲೇ ಗೊತ್ತಿತ್ತಲ್ಲ ಎನ್ನಿಸಿತು. ಆಗ ನಮ್ಮ ಹತ್ತಿರ ಎರಡು ಬಗೆಯ ಅಳಿಸುವ ರಬ್ಬರು ಇರುತ್ತಿದ್ದವು. ಒಂದು ಹಣ್ಣಿನ ವಾಸನೆಯದು, ಮೆತ್ತಗೆ, ಪೆನ್ಸಿಲಿನ ಗುರುತೇ ಇಲ್ಲದಂತೆ ಅಳಿಸುತ್ತಿತ್ತು. ಆದರೆ ತಿಂಗಳೊಳಗೆ ಕಡಲೆಬೇಳೆಯಷ್ಟಾಗಿ ಡೆಸ್ಕಿನ ಸಂದಿಗೆ ಬಿದ್ದು ಕಾಣೆಯಾಗುತ್ತಿತ್ತು. ಇನ್ನೊಂದು ಕಲ್ಲಿನಂಥದು. ನನ್ನ ಹತ್ತಿರ ಇದ್ದದ್ದು ಅದು. ಅದು ಏಳನೆಯ ಕ್ಲಾಸಿನವರೆಗೆ ಬಂತು. ಅಷ್ಟು ವರ್ಷದಲ್ಲಿ ಒಂದು ತಪ್ಪನ್ನೂ ಸರಿಯಾಗಿ ಅಳಿಸಲಿಲ್ಲ, ಹಾಳೆಯನ್ನು ಮಾತ್ರ ಹರಿಯಿತು.

ತಾತನ ಚಪ್ಪಲಿಯದೂ ಅದೇ ಕತೆ. ಲಾರಿ ಟೈರನ್ನು ಕೊಯ್ದು ಮಾಡಿದ ಚಪ್ಪಲಿ. ಮುಳ್ಳು ಚುಚ್ಚುತ್ತಿರಲಿಲ್ಲ, ಅಟ್ಟೆ ಸವೆಯುತ್ತಿರಲಿಲ್ಲ, ನಾಯಿಯೂ ಅದನ್ನು ಕಡಿದು ನೋಡಿ ಬಿಟ್ಟುಬಿಟ್ಟಿತ್ತು. ಆದರೆ ಬಾವಿಯ ಒದ್ದೆ ಕಲ್ಲಿನ ಮೇಲೆ ತಾತ ಜಾರಿ ಬೀಳದ ಮಳೆಗಾಲವಿಲ್ಲ. ಅಜ್ಜಿ ಎತ್ತಿ ಕೂರಿಸುತ್ತಾ, "ಈ ಮೆಟ್ಟು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ, ನೀನೇ ಇರಲ್ಲ" ಅನ್ನುತ್ತಿದ್ದಳಂತೆ. ಅಜ್ಜಿ ಹೇಳಿದ್ದು ನಿಜವಾಯಿತು. ಆ ಚಪ್ಪಲಿ ಇನ್ನೂ ದನದ ಕೊಟ್ಟಿಗೆಯಲ್ಲಿದೆ.

ಇರಲಿ, ಕಾಲಂಗಳಿಗೆ ಬರುತ್ತೇನೆ. ಅಗ್ಗದ್ದು, ನಡುವಿನದು, ದುಬಾರಿಯದು ಎಂದು ಮೂರು ಟೈರುಗಳನ್ನು ಆರಿಸಿ ಬರೆದೆ. ಆಮೇಲೆ ಪೆನ್ನು ನಿಂತಿತು. ಕಾರನ್ನು ಮಾರುವುದಾದರೆ ಅಗ್ಗದ್ದೇ ಸಾಕು. ಅಮ್ಮ ಓಡಿಸುವುದಾದರೆ ಹಿಡಿತವೇ ಮೊದಲು. ಟೈರು ಯಾರಿಗೆ ಎಂಬುದು ಗೊತ್ತಿಲ್ಲದೆ ಯಾವ ಕಾಲಮ್ಮೂ ಉತ್ತರ ಕೊಡುವುದಿಲ್ಲ. ಅಮ್ಮನನ್ನು ನೇರವಾಗಿ ಕೇಳುವ ಧೈರ್ಯ ನನಗಾಗಲಿ ಅಪ್ಪನಿಗಾಗಲಿ ಇರಲಿಲ್ಲ.

ಒಂದು ಶನಿವಾರ ಹೊರಟೆವು. ಓಡಿಸಲು ಬಂದವನು ಮುನಿರಾಜಣ್ಣನೇ. ಹತ್ತಿದ ಕೂಡಲೇ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ, ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು ಮೀಸೆ ನೋಡಿಕೊಂಡ, ತನ್ನ ನೀರಿನ ಬಾಟಲಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿದ. ಅವನ ಹಿಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ದೊಡ್ಡಮ್ಮನಿಗೆಂದು ಮೊಸರಿನ ಡಬ್ಬಿ. ಸೀಟು ಅವಳ ಮಂಡಿಗೆ ಒತ್ತುತ್ತಿತ್ತು. ಗೇರು ಬದಲಿಸುವಾಗ ಕಾರು ಕರ್ರೆಂದಾಗಲೆಲ್ಲ ಅವಳ ಎಡಗಾಲು ಕೆಳಗೆ ಸ್ವಲ್ಪ ಒತ್ತುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನನಗೆ ಅದು ಕಂಡಿತು.

ಆಂಡರ್ಸನ್‌ಪೇಟೆಯಲ್ಲಿ ದೊಡ್ಡಮ್ಮನ ಮನೆಗೆ ಎರಡು ಬೀದಿ ಈಚೆಗೆ ಸೆಲ್ವಂ ಅಣ್ಣನ ಟೈರಂಗಡಿ. ಅವನ ತಮಿಳು, ನಮ್ಮ ಕನ್ನಡ, ಮುನಿರಾಜಣ್ಣನ ತೆಲುಗು ಮೂರೂ ಸೇರಿ ಅಂಗಡಿಯಲ್ಲಿ ಒಂದು ಹೊಸ ಭಾಷೆಯಾಯಿತು, ಎಲ್ಲರಿಗೂ ಅರ್ಥವಾಗುವಂಥದು.

"ವಾಂಗಮ್ಮ, ಬನ್ನಿ ಬನ್ನಿ. ಏನು ಸಾರ್, ಟೈರ್ ನುಣ್ಣಗೆ ನನ್ ತಲೆ ಥರ ಆಗಿದೆಯಲ್ಲ!" ಎಂದು ಸೆಲ್ವಂ ಅಣ್ಣ ತನ್ನ ಬೋಳುತಲೆ ಸವರಿಕೊಂಡ.

ಅಪ್ಪ ಜೋಡಿಸಿಟ್ಟ ಟೈರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದೊಂದನ್ನೂ ಹೆಬ್ಬೆರಳಿಂದ ಒತ್ತಿದ, ಬೆನ್ನು ಸವರಿದ, ಒಳಗೆ ಕೈ ಹಾಕಿ ನೋಡಿದ. ಹಸು ಕೊಳ್ಳುವಾಗ ಕೆಚ್ಚಲು ನೋಡುವುದು ಹೀಗೆಯೇ.

"ಸಾರ್, ಅದು ಹಾಲು ಕೊಡಲ್ಲ" ಎಂದ ಸೆಲ್ವಂ ಅಣ್ಣ.

"ವಯಸ್ಸು ನೋಡ್ತಾ ಇವ್ನಿ ಕಣಪ್ಪ. ಇದ್ಕೆ ಅಲ್ಲು ಎಲ್ಲೈತೆ?"

"ಹಲ್ಲಾ? ಇಲ್ಲಿದೆ ಪಾರುಂಗ." ಟೈರಿನ ಪಕ್ಕೆಯಲ್ಲಿದ್ದ ನಾಲ್ಕು ಅಂಕಿ ತೋರಿಸಿದ. ಮೊದಲೆರಡು ಯಾವ ವಾರ, ಕೊನೆಯೆರಡು ಯಾವ ವರ್ಷ ತಯಾರಾದದ್ದು ಎಂದು. ಅಪ್ಪನಿಗೆ ತುಂಬಾ ಖುಷಿಯಾಯಿತು. ಸುಳ್ಳು ಹೇಳದ ಹಲ್ಲು! ಆಮೇಲೆ ಪ್ರತಿಯೊಂದು ಟೈರಿನ ಅಂಕಿಯನ್ನೂ ನಾನು ಓದಿ ಹೇಳಬೇಕಾಯಿತು. ನಡುವೆ, ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ಹಳೆಯ ಟೈರುಗಳನ್ನು ಕಂಡು, "ಅವನ್ನ ಸುಮ್ಕೆ ಕೊಡ್ತೀಯಾ? ಮೇವಿನ ಗುಂಡಿ ಟಾರ್ಪಾಲ್ ಮ್ಯಾಲೆ ಇಕ್ಕಕ್ಕೆ" ಎಂದು ಬೇರೆ ಕೇಳಿದ.

ಸೆಲ್ವಂ ಅಣ್ಣ ನನ್ನ ಹಾಳೆ ನೋಡಿ, ಮೂರು ಟೈರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟ. "ಒಂದೇ ಕೇಳ್ತೀನಿ. ಗಾಡಿ ಎಷ್ಟು ವರ್ಷ ಇಟ್ಕೊಂತೀರ?"

ಬೀದಿಯಲ್ಲಿ ಆಟೋ ಒಂದು ಹಾರ್ನು ಹೊಡೆಯುತ್ತಾ ಹೋಯಿತು. ಅಮ್ಮ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಡಬ್ಬಿ ಹಿಡಿದು ಕೂತು ಹೊರಗೆ ನೋಡುತ್ತಿದ್ದಳು.

"ಅತ್ತ್ ವರ್ಷ!" ಎಂದ ಮುನಿರಾಜಣ್ಣ. "ಸವೀಲೇಬಾರ್ದು, ಅಂತಾದ್ ಕೊಡು. ದುಡ್ಡು ನೋಡ್ಬ್ಯಾಡ."

"ದುಡ್ಡು ನಿಂದಲ್ವಲ್ಲ, ನೀನ್ಯಾಕೆ ನೋಡ್ತೀಯ" ಎಂದು ಅಪ್ಪ ಗೊಣಗಿದ. ಆಮೇಲೆ ಸೆಲ್ವಂ ಅಣ್ಣನಿಗೆ, "ಬಾಳಿಕೆ ಇರ್ಲಿ ಬಿಡು. ಬ್ರೇಕ್ ಒತ್ತುದ್ರೆ ಅಲ್ಲೇ ನಿಂತ್ಕಬೇಕು, ಅಂತಾದು ಯಾವ್ದು?" ಎಂದು ಕೇಳಿದ. ಹಿಂಡಿಯ ಮೂಟೆಗೆ ನಾಲ್ಕು ಅಂಗಡಿ ತಿರುಗಿ ವಿಚಾರಿಸುವ ಅಪ್ಪ ಅವತ್ತು ದುಬಾರಿ ಟೈರಿನ ಮೇಲೆ ಇಟ್ಟ ಕೈಯನ್ನು ತೆಗೆಯಲೇ ಇಲ್ಲ.

"ಸಾರ್ ಕರೆಕ್ಟಾಗಿ ಹಿಡ್ಕೊಂಡ್ರು!" ಸೆಲ್ವಂ ಅಣ್ಣ ಹುರುಪುಗೊಂಡ. "ಇದು ಬೆಣ್ಣೆ ಸಾರ್. ಬ್ರೇಕೂ ಸೂಪರ್, ಮಳೇಲೂ ಸೂಪರ್. ಮುಖ್ಯ ಏನು ಅಂದ್ರೆ ಸೌಂಡೇ ಇಲ್ಲ. ಒಳಗೆ ಕೂತ್ರೆ ಕೆಳಗೆ ರೋಡ್ ಇದೆಯೋ ಇಲ್ವೋ ಗೊತ್ತೇ ಆಗಲ್ಲ. ಮಗು ಮಲಗಿದ್ರೂ ಏಳಲ್ಲ."

"ಬ್ಯಾಡ" ಎಂದಳು ಅಮ್ಮ.

ಅಂಗಡಿಗೆ ಬಂದ ಮೇಲೆ ಅವಳಾಡಿದ ಮೊದಲ ಮಾತು. ಎಲ್ಲರೂ ತಿರುಗಿ ನೋಡಿದೆವು.

"ರೋಡ್ ಐತೋ ಇಲ್ವೋ ಗೊತ್ತಾಗ್ಬೇಕು ನಂಗೆ. ಸದ್ದು ಮಾಡೋದು ಯಾವ್ದೈತೆ?"

ಸೆಲ್ವಂ ಅಣ್ಣ ಬೋಳುತಲೆ ಮೇಲೆ ಕೈಯಿಟ್ಟ. "ಐಯ್ಯೋ ಅಮ್ಮಾ! ಸದ್ದು ಬರ್ತದೆ ಅಂತ ಜನ ಬಂದು ಜಗಳ ಆಡ್ತಾರೆ. ಸದ್ದು ಬೇಕು ಅಂತ ಕೇಳಿದವ್ರು ನೀವೊಬ್ರೇ."

"ಸದ್ದೇನ್ ಮಾಡ್ತೀಯಕ್ಕ, ತಲೆನೋವು" ಎಂದ ಮುನಿರಾಜಣ್ಣ.

ಅಮ್ಮ ಡಬ್ಬಿಯ ಮುಚ್ಚಳವನ್ನು ಒಮ್ಮೆ ಬಿಗಿದು, ಯಾರ ಮುಖವನ್ನೂ ನೋಡದೆ ಹೇಳಿದಳು. "ಅವತ್ತು ಮೊದ್ಲು ನಿಂತಿದ್ದು ಸದ್ದು. ರೋಡು ಗೊರಗೊರ ಅಂತಾನೇ ಇತ್ತು, ಇದ್ದಕ್ಕಿದ್ದಂಗೆ ಏನೂ ಇಲ್ಲ. ಗಾಳೀಲಿ ಓದಂಗೆ. ಇದ್ಯಾಕೆ ಇಂಗೆ ಅನ್ಕೊಳ್ಳೋವಾಗ ಇವ್ರು ಕಂಡ್ರು. ಎದ್ರುಕೊಂಡು ಬ್ರೇಕ್ ತುಳುದ್ಬಿಟ್ಟೆ." ಡಬ್ಬಿಯನ್ನು ಮಡಿಲಲ್ಲಿ ಸರಿಸಿಕೊಂಡಳು. "ತುಳೀಬಾರ್ದಿತ್ತು. ಸದ್ದು ನಿಲ್ತು ಅಂದ್ರೆ ಮೆತ್ತಗೆ ಕಾಲ್ ತೆಗೀಬೇಕು, ಸ್ಟೀರಿಂಗ್ ಅಲ್ಲಾಡಿಸ್ಬಾರ್ದು. ಸೊಪ್ಪು ಬಿಡಿಸ್ತಾ, ಹಾಲ್ ಕರೀತಾ ಅದ್ನೇ ಯೋಚ್ನೆ ಮಾಡಿವ್ನಿ. ಸದ್ದೇ ಇಲ್ದಿದ್ ಟೈರ್ ಆಕುದ್ರೆ, ಸದ್ದು ನಿಂತಿದ್ದು ನಂಗೆಂಗೆ ಗೊತ್ತಾಗ್ಬೇಕು?"

ಅವಳ ಮಾತಿನ ತಿರುಳಿಗಿಂತ ಮೊದಲು ನನ್ನ ಕಿವಿಗೆ ಬಿದ್ದದ್ದು ಆ "ನಂಗೆ". ಕಾರನ್ನು ಕೊಟ್ಟುಬಿಡುವವರು ಟೈರಿನ ಸದ್ದು ಕೇಳುವುದಿಲ್ಲ. ಮುನಿರಾಜಣ್ಣನಿಗೂ ಅದು ಹೊಳೆದಿರಬೇಕು.

"ಅಕ್ಕಾ, ಅಂಗಾದ್ರೆ ಕಾರು?"

"ನೋಡನ ತಡಿ. ನಾನಿನ್ನೂ ಏನೂ ಏಳಿಲ್ಲ."

ಅಪ್ಪ ಕುಕ್ಕರುಗಾಲಲ್ಲೇ ಇದ್ದ. ಟೈರಿನ ಸಂದಿಯಲ್ಲಿ ಬೆರಳಾಡಿಸುತ್ತಾ, ಟೈರಿಗೇ ಹೇಳುವಂತೆ ಹೇಳಿದ. "ಈ ಸಲ ಉಳ್ಳಿ ರೋಡ್ಗೆ ಆಕಲ್ಲ. ಮನೆ ಇಂದೆ ಸಗಣಿ ಸಾರ್ಸಿ ಕಣ ಮಾಡ್ತೀನಿ."

ಆ ಸಂಜೆಯಾದ ಮೇಲೆ ಆ ಹೆಸರು ನಮ್ಮ ಮನೆಯವರ ಬಾಯಲ್ಲಿ ಬಂದದ್ದು ಅದೇ ಮೊದಲು. ಅದೂ ಆಂಡರ್ಸನ್‌ಪೇಟೆಯ ಟೈರಂಗಡಿಯಲ್ಲಿ.

ಮುನಿರಾಜಣ್ಣ ನಕ್ಕ. "ಬಡಿಯೋರ್ಯಾರಣ್ಣ ಈಗ? ಊರೋರು ನಗ್ತಾರೆ."

"ನಗ್ಲಿ. ನಾನು ಬಡೀತೀನಿ, ಕೈ ಇಲ್ವಾ?"

ಅಮ್ಮ ಅವನ ಕಡೆ ನೋಡಿದಳು. "ಬಡೀರಿ. ಆಮ್ಯಾಕೆ ಬೆನ್ನು ನೋವು, ಎಣ್ಣೆ ಅಚ್ಚು ಅಂತ ನನ್ನತ್ರ ಬರ್ಬ್ಯಾಡಿ." ಅಪ್ಪನ ಕಿವಿ ಕೆಂಪಾಯಿತು. ಅದು ನಾಚಿಕೆಯ ಕೆಂಪೋ ಸಂತೋಷದ್ದೋ ಬರೆದಿಡಲು ನನ್ನಲ್ಲಿ ಕಾಲಮ್ಮಿಲ್ಲ.

ಸೆಲ್ವಂ ಅಣ್ಣ ವ್ಯಾಪಾರಿ. ಸುಳಿವು ಸಿಕ್ಕ ಕೂಡಲೇ ತನ್ನ ಸ್ವಂತ ಕಾರಿನ ಬೀಗದ ಕೈ ತೆಗೆದ. ಅದಕ್ಕೆ ಹಾಕಿದ್ದದ್ದು ನಡುವಿನ ಬೆಲೆಯ ಟೈರು. "ಕೇಳಿ ನೋಡಿಯಮ್ಮ. ಇದರ ಸದ್ದಿಗೆ ನನ್ ಹೆಂಡ್ತಿ ದಿನಾ ಬಯ್ತಾಳೆ." ಓಡಿಸಿದವನು ಅವನೇ; ಪಕ್ಕದಲ್ಲಿ ಅಮ್ಮ, ನಾನೂ ಅಪ್ಪನೂ ಹಿಂದೆ. ಹಳೆಯ ಚಿನ್ನದ ಗಣಿಯಿದ್ದ ಚಾಂಪಿಯನ್ ರೀಫ್ಸ್ ಕಡೆ ಒಂದು ಸುತ್ತು ಹೋದೆವು. ಅಲ್ಲಿನ ಇಳಿಜಾರು ನನಗೆ ಹಳೆಯ ಗುರುತು. ದೊಡ್ಡಮ್ಮ ಮೊದಲು ಅಲ್ಲಿನ ಸಾಲುಮನೆಯೊಂದರಲ್ಲಿದ್ದಳು. ಬೇಸಿಗೆ ರಜೆಯಲ್ಲಿ ಹೋದಾಗ ಸೈಕಲ್ ಟೈರನ್ನು ಕೋಲಿನಿಂದ ಹೊಡೆಯುತ್ತಾ ಆ ಇಳಿಜಾರಿನಲ್ಲಿ ಓಡುತ್ತಿದ್ದೆವು. ಒಮ್ಮೆ ನನ್ನ ಟೈರು ಕೋಲನ್ನೂ ನನ್ನನ್ನೂ ಬಿಟ್ಟು ಓಡಿ, ಯಾರದೋ ಮನೆಯ ಮುಂದೆ ಒಣಹಾಕಿದ್ದ ವಡಾಮು ಸಂಡಿಗೆಗಳ ನಡುವೆ ನೆಟ್ಟಗೆ ಹಾದು, ಆ ಮನೆಯ ಅಜ್ಜಿಯ ಕಾಲ ಬಳಿ ಮರ್ಯಾದೆಯಾಗಿ ಮಲಗಿತು. ಅಜ್ಜಿ ತಮಿಳಿನಲ್ಲಿ ಬೈದದ್ದಷ್ಟೂ ನನಗೆ ಅರ್ಥವಾಯಿತು. ವಾಹನದ ಮೇಲೆ ನನಗಿರುವ ಹತೋಟಿ ಅಂದಿನಿಂದ ಹೆಚ್ಚೇನೂ ಬದಲಾಗಿಲ್ಲ.

ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಒಳ್ಳೆಯ ರಸ್ತೆಯಲ್ಲಿ ಟೈರು ಗೊಂಯ್ ಎನ್ನುತ್ತಿತ್ತು, ಕಿತ್ತ ರಸ್ತೆಯಲ್ಲಿ ಗೊರಗೊರ, ಮಣ್ಣು ಬಂದಲ್ಲಿ ಸರಸರ. "ಮರಳು" ಎಂದಳು ಒಮ್ಮೆ. ಸೆಲ್ವಂ ಅಣ್ಣ ಬಗ್ಗಿ ನೋಡಿ, "ಅಪ್ಪಡಿಯೇ! ಹೌದಮ್ಮಾ, ಮರಳೇ" ಅಂದ. ಅಂಗಡಿಯ ಮುಂದೆ ಇಳಿಯುವಾಗ ಅಮ್ಮ, "ಇದಾಗ್ಬೋದು" ಅಂದಳು.

ಆಗ ನನ್ನ ಹಾಳೆ ತೆಗೆದು ನೋಡಿದೆ. ನಡುವಿನ ಟೈರಿನ ಹಿಡಿತ ದುಬಾರಿಯದಕ್ಕಿಂತ ಸ್ವಲ್ಪವೇ ಕಡಿಮೆ, ಬಾಳಿಕೆ ಸ್ವಲ್ಪ ಹೆಚ್ಚು, ಬೆಲೆ ನಮ್ಮ ಕೈಗೆಟುಕುವಂಥದು. ಎಲ್ಲ ರೀತಿಯಿಂದಲೂ ಸರಿಯಾದ ಆಯ್ಕೆಯೆಂದು ಗಂಭೀರವಾಗಿ ತೀರ್ಪು ಕೊಟ್ಟೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನಮ್ಮ ಕಾರನ್ನು ಆಗಲೇ ಜಾಕಿನ ಮೇಲೆ ಎತ್ತಿಯಾಗಿತ್ತು.

ಟೈರು ಹಾಕುವಷ್ಟು ಹೊತ್ತು ಅಮ್ಮ ಮೊಸರು ಕೊಟ್ಟು ಬರುತ್ತೇನೆಂದು ದೊಡ್ಡಮ್ಮನ ಮನೆಗೆ ಹೋದಳು. ಚಕ್ರವನ್ನು ಯಂತ್ರದಲ್ಲಿ ತಿರುಗಿಸಿ, ಹಗುರಾದ ಕಡೆ ಸೀಸದ ಚೂರು ಅಂಟಿಸುವುದನ್ನು ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ನಾನು ಕಾಯುತ್ತಾ, ಗೊತ್ತಿಲ್ಲದೆಯೇ ಟೈರಿನ ಕೂದಲು ಕೀಳುತ್ತಾ ನಿಂತಿದ್ದೆ. "ಹೊಸ ಟೈರು ಮೊದಲು ಸ್ವಲ್ಪ ದಿನ ಜಾರ್ತದೆ, ಮೇಲಿನ ನುಣುಪು ಹೋಗ್ಬೇಕು. ನಿಧಾನ ಓಡ್ಸಕ್ಕೆ ಹೇಳಿ" ಎಂದ ಸೆಲ್ವಂ ಅಣ್ಣ. ಯಾರಿಗೆ ಹೇಳಬೇಕೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಮ್ಮ ಬಂದಾಗ ಮುನಿರಾಜಣ್ಣ ಆಗಲೇ ಸ್ಟೀರಿಂಗ್ ಹಿಂದೆ ಕೂತಿದ್ದ. ಕೀಲಿಯೂ ಹಾಕಿಯಾಗಿತ್ತು. ಅಮ್ಮ ಕಾರನ್ನು ಒಂದು ಸುತ್ತು ಬಂದಳು. ಹಿಂದಿನ ಬಾಗಿಲನ್ನು ದಾಟಿ ಮುಂದಿನ ಬಾಗಿಲ ಹತ್ತಿರ ನಿಂತಳು.

"ಇಳಿಯಪ್ಪ ರಾಜು."

"ಅಕ್ಕಾ, ಇಲ್ಲಿ ಆಟೋಗಳು ಜಾಸ್ತಿ. ಊರತ್ರ ಓದ್ಮೇಲೆ ಬೇಕಾದ್ರೆ..."

"ಇಳಿ."

ಅವನು ಅಪ್ಪನ ಕಡೆ ನೋಡಿದ. ಅಪ್ಪ ಆಕಾಶ ನೋಡಿದ. ಮುನಿರಾಜಣ್ಣ ತನ್ನ ನೀರಿನ ಬಾಟಲಿ ತೆಗೆದುಕೊಂಡು ಇಳಿದು ಹಿಂದೆ ಬಂದು ಕೂತ. ಅಮ್ಮ ಸೀಟನ್ನು ಮುಂದಕ್ಕೆ ಎಳೆದಳು, ಇನ್ನೂ ಎಳೆದಳು. ಕನ್ನಡಿ ತಿರುಗಿಸಿದಳು. ಸೆರಗು ಸಿಕ್ಕಿಸಿಕೊಂಡಳು. ಮೊದಲ ಸಲ ಕಾರು ಕುಕ್ಕಿ ನಿಂತುಹೋಯಿತು. ಹಿಂದೆ ಆಟೋದವನು ಹಾರ್ನು ಒತ್ತಿದ. ಸೆಲ್ವಂ ಅಣ್ಣ ರಸ್ತೆಗಿಳಿದು ಅವನಿಗೆ ತಮಿಳಿನಲ್ಲಿ ಏನೋ ಹೇಳಿದ, ಹಾರ್ನು ನಿಂತಿತು. ಎರಡನೆಯ ಸಲ ಕಾರು ಹೊರಟಿತು.

ಆಂಡರ್ಸನ್‌ಪೇಟೆಯ ಬೀದಿಗಳನ್ನು ದಾಟುವವರೆಗೆ ನಾವು ಯಾರೂ ಉಸಿರು ಬಿಟ್ಟಿರಲಿಲ್ಲ. ಬಂಗಾರಪೇಟೆಯ ರಸ್ತೆ ಸಿಕ್ಕಿದ ಮೇಲೆ ಎಲ್ಲರಿಗೂ ಒಟ್ಟಿಗೆ ಧೈರ್ಯ ಬಂತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದೆವು. ಕಣವನ್ನು ಕೊಟ್ಟಿಗೆಯ ಬಲಕ್ಕೆ ಮಾಡುವುದೋ ಎಡಕ್ಕೋ ಎಂದು ಅಪ್ಪ. ಕಾರಿಲ್ಲದಿದ್ದರೆ ಹೋಗಲಿ, ವಾರಕ್ಕೊಂದು ಸಲ ಸಸಿಯ ಟ್ರೇಗಳನ್ನಾದರೂ ಇದರಲ್ಲಿ ತಂದುಕೊಡಬೇಕೆಂದು ಮುನಿರಾಜಣ್ಣ. ಗಾಳಿಯ ಒತ್ತಡ ಎಷ್ಟಿರಬೇಕೆಂದು, ಯಾರೂ ಕೇಳದಿದ್ದರೂ, ನಾನು.

"ಒಂದ್ ನಿಮಿಷ ಎಲ್ರೂ ಬಾಯ್ ಮುಚ್ಕೊಂಡಿರ್ರಪ್ಪ" ಎಂದಳು ಅಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. "ರೋಡ್ ಕೇಳಿಸ್ತಿಲ್ಲ ನಂಗೆ."

ಮುಚ್ಚಿಕೊಂಡೆವು. ಕಾಲಡಿಯಲ್ಲಿ ನಾಲ್ಕೂ ಟೈರುಗಳು ಗೊಂಯ್ ಎನ್ನತೊಡಗಿದವು. ಮನೆ ಮುಟ್ಟುವವರೆಗೂ ಅಮ್ಮನ ಆ ಒಂದು ನಿಮಿಷ ಮುಗಿಯಲಿಲ್ಲ.